ದಿನಕ್ಕೊಂದು ಬೆರಳು ಇಳಿಯುವ ನೀರು

ನಮ್ಮ ಚಿಕ್ಕಪ್ಪ ಮೂವತ್ತೊಂದು ವರ್ಷ ಊರ ಜನರ ನೀರಿನ ಮೀಟರುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ ಮನುಷ್ಯ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್. ಮಂಡಿ ಸವೆಯಿತು, ಪ್ಯಾಂಟಿನ ಮಂಡಿಯೂ ಸವೆಯಿತು, ಜಂಬ ಮಾತ್ರ ಎಳ್ಳಷ್ಟೂ ಸವೆಯಲಿಲ್ಲ. "ಒಂದೇ ಒಂದು ಸುಳ್ಳು ರೀಡಿಂಗ್ ಬರೆದವನಲ್ಲ ನಾನು" ಎನ್ನುವುದು ಅವನ ಮಾತಿನ ಆರಂಭ, ಅದೇ ಮುಕ್ತಾಯ, ನಡುವೆ ಉಸಿರು ತೆಗೆದುಕೊಳ್ಳಲು ನಿಂತಾಗಲೂ ಅದೇ. ಬೀದಿಯವರು ಅವನನ್ನು ಮೀಟರ್ ಮಾಮ ಎಂದು ಕರೆಯುತ್ತಾರೆ. ಅವನು ಅದನ್ನು ಬಿರುದು ಎಂದುಕೊಂಡಿದ್ದಾನೆ, ನಾವ್ಯಾರೂ ತಿದ್ದಲು ಹೋಗಿಲ್ಲ.

ನಾನು ಅವನ ಅಣ್ಣನ ಮಗಳು, ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ, ನನ್ನ ನೀರಿಗೆ ಬೇರೆಯೇ ಮೀಟರ್. ಡ್ರೈವಿಂಗ್ ಕಲಿಸುವುದು ನನ್ನ ಹೊಟ್ಟೆಪಾಡು. ದಿನವಿಡೀ ಬ್ರೇಕ್ ಎಂದರೆ ಆಕ್ಸಿಲರೇಟರ್ ತುಳಿಯುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುವವಳಿಗೆ ಸಂಜೆ ಮನೆಯಲ್ಲಿ ನೀರಿನ ಮೇಲೆ ಉಪನ್ಯಾಸ ಕೇಳುವ ತಾಳ್ಮೆ ಉಳಿದಿರುತ್ತದೆಯೇ? ಆದರೂ ಕೇಳಿದ್ದೇನೆ. ಕೇಳದೆ ಮೆಟ್ಟಿಲು ಹತ್ತಲು ಅವನು ಬಿಡುವುದಿಲ್ಲ.

ನಿವೃತ್ತಿಯಾದ ಮರುದಿನ ಅವನು ಮುಂಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ನಾಲ್ಕು ತಿಂಗಳು ಅಲ್ಲಿಂದ ಏಳಲಿಲ್ಲ. ಎದುರಿಗೆ ಚಪ್ಪಲಿಗಳ ಗೂಡು. ಅದನ್ನೇ ನೋಡುತ್ತಿದ್ದ. ಗಡ್ಡ ಹೆರೆಯುವುದು ನಿಂತಿತು, ಪೇಪರ್ ಓದುವುದು ನಿಂತಿತು, ಕೊನೆಗೆ ಜಗಳವೂ ನಿಂತಿತು. ಆಗ ನಮಗೆ ನಿಜಕ್ಕೂ ಭಯವಾಯಿತು. ಡಾಕ್ಟರರು ಎದೆಗೆ ಕೊಳವೆ ಇಟ್ಟು ಕೇಳಿ, ಏನೂ ತೊಂದರೆಯಿಲ್ಲ, ಓಡಾಡಲಿ ಎಂದರು. ಎಲ್ಲಿಗೆ ಓಡಾಡುವುದು? ಅವನಿಗೆ ಗೊತ್ತಿದ್ದ ದಾರಿಯಲ್ಲೆಲ್ಲ ಮೀಟರುಗಳಿದ್ದವು, ಅವು ಈಗ ಬೇರೆಯವರ ಪಾಲಾಗಿದ್ದವು.

ಚಿಕ್ಕಮ್ಮ ಪರದೆ ಅಂಗಡಿಯೊಂದಕ್ಕೆ ಮನೆಯಲ್ಲೇ ಪರದೆ ಹೊಲಿದುಕೊಡುತ್ತಾಳೆ. ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು, ಅದರ ಸುತ್ತ ಬಟ್ಟೆಯ ರಾಶಿ. ಆ ನಾಲ್ಕು ತಿಂಗಳು ಅವಳು ಗಂಡನ ಬೆನ್ನು ನೋಡಿಕೊಂಡೇ ಹೊಲಿದಳು. "ಇವರು ಬಯ್ದಿದ್ರೂ ಪರವಾಗಿರ್ಲಿಲ್ಲ ಕಣೇ" ಎಂದು ಒಂದು ದಿನ ನನ್ನೆದುರು ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಬಯ್ಯಲಿ ಎಂದು ಯಾರಾದರೂ ಹಂಬಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ಮಧ್ಯಾಹ್ನ ಧೋ ಎಂದು ಮಳೆ ಸುರಿಯಿತು. ಸೂರಿನ ನೀರು ಅಂಗಳದ ಕಲ್ಲಿನ ಮೇಲೆ ದಬದಬ ಬೀಳುತ್ತಿತ್ತು. ಚಿಕ್ಕಪ್ಪ ಚಪ್ಪಲಿ ಗೂಡಿನಿಂದ ಕಣ್ಣು ಕಿತ್ತು ಕೇಳಿದ.

"ಇದು ಗಂಟೆಗೆ ಎಷ್ಟು ಲೀಟರ್ ಇರಬಹುದೇ?"

ಚಿಕ್ಕಮ್ಮ ಮಿಷನ್ ನಿಲ್ಲಿಸಿದಳು. "ನಂಗೇನು ಗೊತ್ತು. ನೀವೇ ಎದ್ದು ನೋಡಿ."

ಎದ್ದ. ಬಕೆಟ್ ಇಟ್ಟ. ಕೈಗಡಿಯಾರ ನೋಡಿದ. ಅರ್ಧ ಗಂಟೆಯಲ್ಲಿ ಮೈಯೆಲ್ಲ ತೊಯ್ದು ಒಳಗೆ ಬಂದವನ ಮುಖದಲ್ಲಿ ಬಣ್ಣ ಬಂದಿತ್ತು. "ಇಷ್ಟೂ ನೀರು ಚರಂಡಿಗೆ ಹೋಗ್ತಿದೆ, ಮನೇಲಿ ಒಬ್ಬರಿಗಾದ್ರೂ ಬುದ್ಧಿ ಬೇಡ್ವಾ?" ಎಂದು ಎಲ್ಲರಿಗೂ ಬಯ್ದ. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ನೆಮ್ಮದಿಯಾಗಿ ಅತ್ತಳು.

ಆ ವಾರವೇ ಆರು ನೀಲಿ ಡ್ರಮ್ಮುಗಳು ಬಂದವು. ಸಾಬೂನಿನ ಕಾರ್ಖಾನೆಯಿಂದ ಹಳೆಯವು. ಚಿಕ್ಕಪ್ಪ ಒಂದೊಂದರೊಳಗೂ ತಲೆ ತೂರಿಸಿ ಮೂಸಿ ನೋಡಿ ಆರಿಸಿದ್ದನಂತೆ. ಮೂಗು ಏನು ಹೇಳಿತೋ ಏನೋ, ಮೊದಲ ಎರಡು ವಾರ ಡ್ರಮ್ಮಿನ ನಲ್ಲಿ ತಿರುಗಿಸಿದರೆ ನೊರೆ ಬರುತ್ತಿತ್ತು, ಪಾತ್ರೆ ತೊಳೆಯಲು ಸಾಬೂನೇ ಬೇಕಾಗಲಿಲ್ಲ. ಸೂರಿನ ಅಂಚಿಗೆ ಉದ್ದಕ್ಕೆ ಸೀಳಿದ ಪೈಪು ಕಟ್ಟಿದ. ಇಟ್ಟಿಗೆ ಜೋಡಿಸಿ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದ. ಆರರಲ್ಲೂ ನೀರು ಒಂದೇ ಮಟ್ಟದಲ್ಲಿರಲೆಂದು ತಳದಲ್ಲಿ ಒಂದಕ್ಕೊಂದು ಕೊಳವೆ ಹಾಕಿದ. ಬಾಯಿಗೆ ಸೊಳ್ಳೆಪರದೆಯ ತುಂಡು ಬಿಗಿದು ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಮಳೆ ಬಂದಾಗಲೆಲ್ಲ ಮೊದಲ ಹತ್ತು ನಿಮಿಷದ ನೀರು ಸೂರಿನ ಕೊಳೆ ತರುತ್ತದೆಂದು ಅದನ್ನು ಹೊರಗೆ ಬಿಡಬೇಕಿತ್ತು. ಅದಕ್ಕಾಗಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೈಪು ಹಿಡಿದು, ಗಡಿಯಾರ ನೋಡುತ್ತ ಅಂಗಳದಲ್ಲಿ ನಿಲ್ಲುತ್ತಿದ್ದ. ಎದುರುಮನೆಯ ಫೋಟೋ ಸ್ಟುಡಿಯೋದವನು ಅದನ್ನು ಫೋಟೋ ತೆಗೆದು ಅಂಗಡಿಯ ಗಾಜಿಗೆ ಅಂಟಿಸಿದ. ಚಿಕ್ಕಪ್ಪನಿಗೆ ಅದೂ ಬಿರುದೇ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಕಾಟ. ತನ್ನ ಮನೆಯ ಮೀಟರ್ ಅಲ್ಲಾಡಬಾರದು ಎಂದು ಪಣ ತೊಟ್ಟ. ಸ್ನಾನ, ಅಡುಗೆ, ಕುಡಿಯುವುದು, ಎಲ್ಲಕ್ಕೂ ಮಳೆನೀರು. ಕುಡಿಯುವುದನ್ನು ಸೋಸಿ ಕುದಿಸಬೇಕು, ಅಷ್ಟೇ ರಿಯಾಯಿತಿ. ರಸ್ತೆಯ ಕೊಳಾಯಿ ಸಂಪರ್ಕವನ್ನು ಬಂದ್ ಮಾಡಲಿಲ್ಲ. "ಬಂದ್ ಮಾಡಿ ಸೊನ್ನೆ ತೋರ್ಸೋದು ಏನು ಮಹಾ? ತೆರೆದಿಟ್ಟೂ ಮುಟ್ಟಬಾರದು" ಎಂದ. ಮೀಟರ್ ನಾಲ್ಕು ಸಾವಿರದ ಮುನ್ನೂರ ಹದಿನೆಂಟರಲ್ಲಿ ನಿಂತಿತು. ಪ್ರತಿದಿನ ಬೆಳಿಗ್ಗೆ ಗಡ್ಡ ಹೆರೆದು, ತಲೆ ಬಾಚಿ, ಮೊದಲು ಮೀಟರ್ ನೋಡುತ್ತಿದ್ದ. ಆಮೇಲೆ ಡ್ರಮ್ಮಿಗೆ ಉದ್ದನೆಯ ಕೋಲು ಇಳಿಸಿ ಎಷ್ಟು ಬೆರಳು ಇಳಿದಿದೆ ಎಂದು ಅಳೆಯುತ್ತಿದ್ದ. ಆಮೇಲೆ ಬೀದಿಗೆ ಹೋಗಿ ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದ. ಒಂದೂವರೆ ತಿಂಗಳು ಮಳೆ ಕೈ ಕೊಡಲಿಲ್ಲ, ಅವನ ಬಾಯಿಯೂ ನಿಲ್ಲಲಿಲ್ಲ.

ಆಮೇಲೆ ಮಳೆ ನಿಂತಿತು. ಎರಡನೆಯ ದಿನ ಕೋಲು ಇಳಿಸಿದರೆ ಒಂದು ಗೇಣು ಖಾಲಿ. ಚಿಕ್ಕಮ್ಮ ಪರದೆ ಬಟ್ಟೆಯನ್ನು ಹೊಲಿಯುವ ಮೊದಲು ನೆನೆಸುತ್ತಾಳೆ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಕಿಟಕಿಯ ಅರ್ಧಕ್ಕೆ ಬಂದು ನಿಲ್ಲುತ್ತದೆ. ಆ ಬಟ್ಟೆ ನೀರು ಕುಡಿಯುತ್ತಿತ್ತು. ಚಿಕ್ಕಪ್ಪ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಬಂದು ಅದೇ ಕುರ್ಚಿಯಲ್ಲಿ ಕೂತ. ಮರುದಿನ ಗಡ್ಡ ಹೆರೆಯಲಿಲ್ಲ. ಇನ್ನು ಸ್ನಾನಕ್ಕೆ ಎರಡೇ ಚೊಂಬು ಎಂದು ಗೋಡೆಗೆ ಮುಖ ಮಾಡಿಯೇ ಒಂದು ಆಜ್ಞೆ ಹೊರಡಿಸಿದ.

ಅದರ ಮರುದಿನ ಪವಾಡ. ಕೋಲು ಇಳಿಸಿದರೆ ಒಂದೇ ಬೆರಳು ಇಳಿದಿದೆ. ಅದರ ಮರುದಿನವೂ ಒಂದೇ ಬೆರಳು. ಅಂದರೆ ಇಬ್ಬರ ಸಂಸಾರ ದಿನಕ್ಕೆ ಎರಡು ಬಕೆಟ್ ನೀರಿನಲ್ಲಿ ನಡೆಯುತ್ತಿದೆ, ಪರದೆ ಬಟ್ಟೆಯೂ ಸೇರಿ. ಬುದ್ಧಿ ನೆಟ್ಟಗಿದ್ದವರು ಯಾರಾದರೂ ಅನುಮಾನಪಡಬೇಕಿತ್ತು. ಚಿಕ್ಕಪ್ಪ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. "ಶಿಸ್ತು ಅಂದ್ರೆ ಇದು. ಒಂದು ಆಜ್ಞೆ, ನೋಡು, ಹೇಗೆ ದಾರಿಗೆ ಬಂತು" ಎಂದು ನನ್ನ ಕಾರಿನ ಕಿಟಕಿಗೆ ತಲೆ ಹಾಕಿ, ಕ್ಲಚ್ ಹುಡುಕುತ್ತಿದ್ದ ನನ್ನ ವಿದ್ಯಾರ್ಥಿನಿಗೂ ಹೇಳಿಹೋದ.

ಹೀಗೇ ಮೂರು ವಾರ ಕಳೆದು ಒಂದು ಸೋಮವಾರ ರೀಡಿಂಗಿಗೆ ಹೊಸ ಮೀಟರ್ ರೀಡರ್ ಹುಡುಗಿ ಬಂದಳು. ಚಿಕ್ಕಪ್ಪನೇ ಕೊನೆಯ ಆರು ತಿಂಗಳು ಬೆನ್ನಿಗೆ ಬಿದ್ದು ತಯಾರು ಮಾಡಿದವಳು. ಮೀಟರ್ ನೋಡಿದಳು, ತನ್ನ ಪುಸ್ತಕ ನೋಡಿದಳು, ಮತ್ತೆ ಮೀಟರ್ ನೋಡಿದಳು.

"ಸಾರ್, ಹೋದ ತಿಂಗಳೂ ಇದೇ ನಂಬರು. ಈ ತಿಂಗಳೂ ಇದೇ."

"ಇರ್ಲೇಬೇಕಲ್ಲ" ಎಂದು ಚಿಕ್ಕಪ್ಪ ಎದೆಯುಬ್ಬಿಸಿದ.

"ಜನ ಇರೋ ಮನೇಲಿ ಎರಡು ಸಲ ಸೊನ್ನೆ ಬಂದ್ರೆ ಮೀಟರ್ ಮುಟ್ಟಿದ್ದಾರೆ ಅಂತ ತಪಾಸಣೆಗೆ ಬರೀಬೇಕು ಸಾರ್. ನೀವೇ ಹೇಳ್ಕೊಟ್ಟಿದ್ದು."

"ಹೌದು, ಅದು ಕಳ್ಳರಿಗೆ."

ಹುಡುಗಿ ಪುಸ್ತಕದಲ್ಲಿ ಬರೆದಳು. ಕಚೇರಿಯ ಬಾಗಿಲ ಬಳಿ ಒಂದು ಕಪ್ಪು ಹಲಗೆಯಿದೆ. ಮೀಟರ್ ಮುಟ್ಟಿ ಸಿಕ್ಕಿಬಿದ್ದವರ ಹೆಸರು ಅದರಲ್ಲಿ ಬರುತ್ತದೆ, ತಪಾಸಣೆಯಲ್ಲಿ ಮನೆಯವರು ತಪ್ಪಿಲ್ಲವೆಂದು ತೋರಿಸಿದರೆ ಮಾತ್ರ ಬರುವುದಿಲ್ಲ. ಆ ಹಲಗೆ ಹಾಕಿಸಿದ್ದು ಚಿಕ್ಕಪ್ಪ. ಹದಿನೇಳು ವರ್ಷ ಅದರಲ್ಲಿ ಹೆಸರು ಬರೆದದ್ದೂ ಅವನೇ, ದುಂಡಗೆ, ಚೆಂದದ ಅಕ್ಷರದಲ್ಲಿ. ಈಗ ತನ್ನ ಹೆಸರು ಅಲ್ಲಿ ಏರುತ್ತದೆಂದರೆ ಅವನ ಮೂವತ್ತೊಂದು ವರ್ಷ ಒಂದೇ ದಿನದಲ್ಲಿ ಮಣ್ಣುಪಾಲು.

"ಶನಿವಾರ ಬೆಳಿಗ್ಗೆ ಬಾ. ಇಪ್ಪತ್ತು ಲೀಟರಿನ ಅಳತೆ ಬಕೆಟ್ ತಗೊಂಡ್ ಬಾ. ಬೀದಿಯವರ ಮುಂದೆ ನಲ್ಲಿ ಬಿಡ್ತೀನಿ. ಇಪ್ಪತ್ತು ಲೀಟರಿಗೆ ಇಪ್ಪತ್ತು ಓಡುತ್ತೋ ಇಲ್ವೋ ಎಲ್ಲರೂ ನೋಡ್ಲಿ" ಎಂದ. ಸಂಜೆಯೊಳಗೆ ಬೀದಿಯ ಪ್ರತಿ ಮನೆಗೂ ಆಹ್ವಾನ ಹೋಯಿತು. ಅವನ ಚಿಂತೆಯೆಲ್ಲ ಆ ಇಪ್ಪತ್ತು ಲೀಟರ್ ನೀರನ್ನು ಆಮೇಲೆ ಏನು ಮಾಡುವುದು ಎಂದಾಗಿತ್ತು. ಕೊನೆಗೆ ಹೂವಿನ ಕುಂಡಗಳಿಗೆ ಹಂಚುವುದೆಂದು ತೀರ್ಮಾನಿಸಿ, ಯಾವ ಕುಂಡಕ್ಕೆ ಎಷ್ಟು ಎಂದು ಚೀಟಿ ಅಂಟಿಸಿದ.

ಗುರುವಾರ ಸಂಜೆ ಚಿಕ್ಕಮ್ಮ ಮಹಡಿ ಹತ್ತಿ ಬಂದಳು. ಅವಳ ಮಂಡಿಗೆ ಮೆಟ್ಟಿಲು ಆಗದು, ಹಾಗಾಗಿ ವಿಷಯ ದೊಡ್ಡದೇ ಇರಬೇಕೆಂದು ಚಹಾಕ್ಕೆ ಇಟ್ಟೆ.

"ನೀರು ನಾನು ತುಂಬಿದ್ದು ಕಣೇ" ಎಂದಳು. "ಇವರು ಮಧ್ಯಾಹ್ನ ಮಲಗಿದ ಮೇಲೆ. ಕೊಳಾಯಿಗೆ ಪೈಪ್ ಹಾಕಿ ಡ್ರಮ್ಮಿಗೆ ಬಿಡ್ತಿದ್ದೆ. ಬೆಳಿಗ್ಗೆ ಇದ್ದ ಮಟ್ಟಕ್ಕಿಂತ ಒಂದು ಬೆರಳು ಕಡಿಮೆ ಇಟ್ಟು ನಿಲ್ಲಿಸ್ತಿದ್ದೆ."

ನಾನು ಲೋಟ ಕೆಳಗಿಟ್ಟೆ. "ಎಷ್ಟು ದಿನ?"

"ಇವತ್ತಿಗೆ ಇಪ್ಪತ್ತಾರು. ಮತ್ತೆ ಆ ಕುರ್ಚೀಲಿ ಕೂತ್ಬಿಟ್ರಲ್ಲ, ನಂಗೆ ತಡ್ಕೊಳೋಕೆ ಆಗ್ಲಿಲ್ಲ."

"ಮತ್ತೆ ಮೀಟರ್ ಯಾಕೆ ಓಡಿಲ್ಲ?"

"ಅದೇ ಅಲ್ವಾ ನನ್ನ ಕರ್ಮ" ಎಂದು ಅವಳು ಸೆರಗಿನ ತುದಿ ಹಿಡಿದು ತಿರುಚಿದಳು. "ದಿನಾ ಬೆಳಿಗ್ಗೆ ಮೀಟರ್ ನೋಡೋ ಮನುಷ್ಯ. ಮೊದಲನೇ ದಿನಾನೇ ಸಿಕ್ಕಿಬೀಳ್ತೀನಿ ಅಂದ್ಕೊಂಡಿದ್ದೆ. ಏನೂ ಅನ್ಲಿಲ್ಲ. ಎರಡನೇ ದಿನಾನೂ ಅನ್ಲಿಲ್ಲ. ಗೊತ್ತಾಗಿದೆ, ಗೊತ್ತಿದ್ದೂ ನಂಗೋಸ್ಕರ ಸುಮ್ನಿದ್ದಾರೆ ಅಂದ್ಕೊಂಡೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದ್ಸಲ ನಂಗೋಸ್ಕರ ಕಣ್ಣು ಮುಚ್ಕೊಂಡ್ರಲ್ಲ ಅಂತ ಎಷ್ಟು ಖುಷಿಯಾಗಿತ್ತು ಗೊತ್ತಾ? ಸೋಮವಾರ ಆ ಹುಡುಗಿ ಬಂದು ಹೇಳಿದ ಮೇಲೆ ಗೊತ್ತಾಯ್ತು. ಇವರು ಕಣ್ಣು ಮುಚ್ಕೊಂಡಿಲ್ಲ. ಮೀಟರೇ ಸತ್ತಿದೆ."

ನನಗೆ ಮೊದಲು ನಗು ಬಂತು, ಅದರ ಹಿಂದೆಯೇ ಕೋಪ ಬಂತು. ಮೂವತ್ತೊಂದು ವರ್ಷ ಮೀಟರ್ ನೋಡಿದವನು ನಿಂತುಹೋದ ಮೀಟರನ್ನು ದಿನಾ ಬೆಳಿಗ್ಗೆ ನೋಡಿ ಮೀಸೆ ತಿರುವಿದ್ದಾನೆ. ತಿಂಗಳುಗಟ್ಟಲೆ ಅಲ್ಲಾಡದ ಮೀಟರಿಗೆ ಒಳಗೆ ಮರಳು ಕೂತು ಹಿಡಿದುಕೊಳ್ಳುತ್ತದೆ ಎಂದು ನನಗೇ ಹತ್ತು ಸಲ ಪಾಠ ಹೇಳಿದ್ದ, ಬೀಗ ಹಾಕಿದ ಮನೆಗಳ ಉದಾಹರಣೆ ಸಮೇತ. ಅವನ ಪಣವೇ ಅವನ ಮೀಟರನ್ನು ಕೊಂದಿತ್ತು. ಇನ್ನು ಶನಿವಾರ ಇಡೀ ಬೀದಿಯ ಮುಂದೆ ಅವನ ಮಾನ ಹರಾಜು.

"ಹೋಗಿ ಹೇಳು ಅವನಿಗೆ" ಎಂದೆ.

"ನನ್ ಕೈಲಾಗಲ್ಲ. ಮತ್ತೆ ಕೂತ್ಬಿಟ್ರೆ?"

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ನಾನೇ ಒಂದು ಪ್ರಯತ್ನ ಮಾಡಿದೆ. ಕಾರಿನ ಸ್ಪ್ಯಾನರ್ ತಂದು ಮೀಟರಿನ ತಲೆಗೆ ಮೆಲ್ಲಗೆ ಎರಡು ಏಟು ಕೊಟ್ಟೆ, ಎದ್ದೀತೇನೋ ಎಂದು. ಅದು ಏಳಲಿಲ್ಲ, ಚಿಕ್ಕಪ್ಪ ಎದ್ದು ಬಂದ.

"ಏನೇ ಮಾಡ್ತಿದ್ದೀಯ? ಮೀಟರ್ ಮುಟ್ತೀಯಾ? ನಾಳೆ ತಪಾಸಣೆ ಇಟ್ಕೊಂಡು ನನ್ ತಲೆ ಮೇಲೆ ಕಲ್ಲು ಹಾಕ್ಬೇಕು ಅಂತಿದ್ದೀಯಾ?"

"ಜೇಡ ಕೂತಿತ್ತು" ಎಂದೆ.

"ಜೇಡಕ್ಕೆ ಸ್ಪ್ಯಾನರಾ?" ಎಂದ. ಸ್ಪ್ಯಾನರ್ ಕಿತ್ತುಕೊಂಡು, ಆ ದಿನ ಮಧ್ಯಾಹ್ನ ಮಲಗದೆ ಮೀಟರಿಗೆ ಕಾವಲು ಕೂತ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಹತ್ತು ಹನ್ನೆರಡು ಜನ ಸೇರಿದರು. ಸ್ಟುಡಿಯೋದವನು ಕ್ಯಾಮೆರಾ ತಂದಿದ್ದ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೂವತ್ತೊಂದು ವರ್ಷದಿಂದ ಶುರುಮಾಡಿ ಒಂದು ಪುಟ್ಟ ಭಾಷಣ ಬಿಗಿದ. ಹುಡುಗಿ ಅಳತೆ ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟಳು. ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ನಲ್ಲಿ ತಿರುಗಿಸಿದ. ನೀರು ಬಂತು. ಗಡಿಯಾರ ನೋಡಿಕೊಂಡು ನಿಂತ. ನೂರು ಸೆಕೆಂಡಿಗೆ ಬಕೆಟ್ ತುಂಬಿತು. ಹುಡುಗಿ ಬಗ್ಗಿ ಮೀಟರ್ ನೋಡಿದಳು. ಚಿಕ್ಕಪ್ಪ ಹಳೆಯ ಅಭ್ಯಾಸದಂತೆ ಕುಕ್ಕರಗಾಲಿನಲ್ಲಿ ಕೂತ. ಗಾಜನ್ನು ಬೆರಳಿನಿಂದ ಒರೆಸಿದ. ನಾಲ್ಕು ಸಾವಿರದ ಮುನ್ನೂರ ಹದಿನೆಂಟು. ಇನ್ನೊಂದು ಸಲ ನಲ್ಲಿ ಬಿಟ್ಟ. ತುಂಬಿದ ಬಕೆಟ್ ಉಕ್ಕಿ ನೀರು ಅಂಗಳದ ತುಂಬ ಹರಿಯಿತು, ಎಲ್ಲರೂ ಚಪ್ಪಲಿ ಕಾಲು ಎತ್ತಿಕೊಂಡರು. ಮೀಟರಿನ ಮುಳ್ಳು ಕೂದಲೆಳೆಯಷ್ಟೂ ಸರಿಯಲಿಲ್ಲ. ಅವನು ನಲ್ಲಿ ನಿಲ್ಲಿಸುವುದನ್ನೇ ಮರೆತಿದ್ದ. ನಾನು ಹೋಗಿ ನಿಲ್ಲಿಸಿದೆ.

ಹುಡುಗಿ ಒಳ್ಳೆಯವಳು. ಅವನ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು. "ಸಾರ್, ಸೀಲ್ ಹಾಗೇ ಇದೆ. ನೀವು ಮುಟ್ಟಿಲ್ಲ, ಅದೇ ನಿಂತಿದೆ. ನಿನ್ನೆ ನಿಂತಿತು ಅಂತ ಬರೀತೀನಿ. ಸೊನ್ನೆ ಸೊನ್ನೆಯಾಗೇ ಇರುತ್ತೆ."

ಒಳ್ಳೆಯ ದಾರಿ. ಹಲಗೆಯೂ ತಪ್ಪುತ್ತದೆ, ಪಣವೂ ಉಳಿಯುತ್ತದೆ. ಚಿಕ್ಕಪ್ಪ ಇನ್ನೇನು ತಲೆಯಾಡಿಸಬೇಕು, ಬಾಗಿಲಿನಿಂದ ಚಿಕ್ಕಮ್ಮ ಅಂದಳು.

"ನಿನ್ನೆ ಅಲ್ಲ. ಇಪ್ಪತ್ತೇಳು ದಿನ ಆಯ್ತು."

ಎಲ್ಲರೂ ತಿರುಗಿದರು. ಅವಳು ಇಳಿದು ಬಂದು ಗಂಡನ ಎದುರು ನಿಂತಳು. "ಮುಂಚೇನೇ ಹೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ಡ್ರಮ್ಮಿಗೆ ಕೊಳಾಯಿ ನೀರು ಬಿಟ್ಟಿದ್ದು ನಾನು. ಇವರಿಗೆ ಗೊತ್ತಿಲ್ಲ. ಹಲಗೆ ಮೇಲೆ ಬರೆಯೋದಾದ್ರೆ ನನ್ನ ಹೆಸರು ಬರೀರಿ. ಇವರು ಒಂದೇ ಒಂದು ಸುಳ್ಳು ರೀಡಿಂಗ್ ಬರೆದವರಲ್ಲ."

ಸ್ಟುಡಿಯೋದವನು ಕ್ಯಾಮೆರಾ ಕೆಳಗಿಳಿಸಿದ, ಪುಣ್ಯಾತ್ಮ. ನಾನು ಜಗಳಕ್ಕೆ ಸಿದ್ಧಳಾಗಿ ಚಿಕ್ಕಮ್ಮನ ಪಕ್ಕಕ್ಕೆ ಸರಿದೆ. ಚಿಕ್ಕಪ್ಪ ಬಾಯಿ ತೆರೆದರೆ ಆ ಬಕೆಟ್ಟಿನ ನೀರನ್ನೇ ಅವನ ತಲೆ ಮೇಲೆ ಸುರಿಯುವುದೆಂದು ನಿರ್ಧರಿಸಿದ್ದೆ.

ಅವನು ಡ್ರಮ್ಮುಗಳನ್ನು ನೋಡಿದ. ಆಮೇಲೆ ಹುಡುಗಿಯ ಕೈಯಿಂದ ತಪಾಸಣೆ ಪತ್ರ ತೆಗೆದುಕೊಂಡ. "ಕೊಡು ಇಲ್ಲಿ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತೆ." ಮೆಟ್ಟಿಲ ಮೇಲೆ ಕೂತು, ಪಕ್ಕದ ಕಲ್ಲನ್ನು ಅಂಗೈಯಿಂದ ಒರೆಸಿ, "ಬಾ, ಕೂತ್ಕೋ" ಎಂದ. ಚಿಕ್ಕಮ್ಮ ಕೂತಳು.

"ದಿನಾ ಎಷ್ಟು ಹೊತ್ತು ಬಿಡ್ತಿದ್ದೆ?"

"ಕಾಲು ಗಂಟೆ."

"ನಿನ್ನೆ?"

"ನಿನ್ನೆ ಇಲ್ಲ. ನೀವು ಕಾವಲು ಕೂತಿದ್ರಲ್ಲ."

"ಹಂಗಾದ್ರೆ ಇಪ್ಪತ್ತಾರು ದಿನ. ನಿಮಿಷಕ್ಕೆ ಹನ್ನೆರಡು ಲೀಟರ್, ಕಾಲು ಗಂಟೆಗೆ ನೂರ ಎಂಬತ್ತು." ತುಟಿಯಲ್ಲೇ ಗುಣಿಸಿ ಬರೆದ. ಅಂದಾಜು ಬಳಕೆ, ನಾಲ್ಕು ಸಾವಿರದ ಆರುನೂರ ಎಂಬತ್ತು ಲೀಟರ್. ಹಲ್ಲು ಕಚ್ಚಿಕೊಂಡು ಬರೆದದ್ದು ನನಗೆ ಕಂಡಿತು. "ಈ ಮಂಡಿ ಇಟ್ಕೊಂಡು ಇಪ್ಪತ್ತಾರು ದಿನ ಪೈಪ್ ಎಳೆದ್ಯಲ್ಲೇ. ಯಾಕೆ ಬೇಕಿತ್ತು? ಇಷ್ಟು ನೀರು, ಬರೀ ನನ್ನ ಕೋಲಿಗೆ ತೋರ್ಸೋಕೆ."

"ನೀವು ಎದ್ದು ಓಡಾಡಿದ್ರಲ್ಲ" ಎಂದಳು ಚಿಕ್ಕಮ್ಮ. "ನಂಗೆ ಅಷ್ಟೇ ಬೇಕಿತ್ತು."

ಚಿಕ್ಕಪ್ಪನ ಕೈ ನಿಂತಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಒರೆಸಿದ, ಮತ್ತೆ ಒರೆಸಿದ. ಹುಡುಗಿ ತನ್ನ ಬಕೆಟ್ಟಿನ ಹಿಡಿಕೆಯನ್ನು ನೋಡುತ್ತ ನಿಂತಳು. ಪತ್ರದಲ್ಲಿ ಇನ್ನೊಂದು ಸಾಲು ಖಾಲಿಯಿತ್ತು. ವ್ಯರ್ಥವಾದ ನೀರು, ಲೀಟರುಗಳಲ್ಲಿ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು, ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರದಲ್ಲಿ ಅದರ ಮುಂದೆ 'ಇಲ್ಲ' ಎಂದು ಬರೆದು ಸಹಿ ಹಾಕಿದ.